ಆತ್ಮಕ್ಕೆ ಅಕ್ಷರ ಬೇಕೆ?

ಕೆರಿಬಿಯನ್ ದ್ವೀಪ ಪೋರ್ಟೊರಿಕೊದ ಸುರುಟು ಕಾರ್ಖಾನೆಗಳಲ್ಲಿ ಹಿಂದೆ ಒಂದು ವಿಚಿತ್ರ ನೌಕರಿಯಿತ್ತು. ಕೆಳಗೆ ಸಾಲಾಗಿ ಕೂತವರು ತಂಬಾಕಿನ ಎಲೆ ಸುತ್ತುತ್ತಿದ್ದರೆ, ಎತ್ತರದ ಕಟ್ಟೆಯ ಮೇಲೆ ಕೂತ ಒಬ್ಬರು ಅವರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳಬೇಕು. ಸಂಬಳ ಮಾಲೀಕನದಲ್ಲ, ಕೇಳುವ ಕಾರ್ಮಿಕರೇ ತಮ್ಮ ಕೂಲಿಯಲ್ಲಿ ಕೊಡುತ್ತಿದ್ದರು. 1879ರಲ್ಲಿ ಅರೆಸಿಬೊ ಊರಲ್ಲಿ ಹುಟ್ಟಿದ ಲೂಯಿಸಾ ಕಪೆಟಿಯೊ ಆ ಕಟ್ಟೆ ಏರಿದ ಹೆಣ್ಣುಮಗಳು.

1908ರ ಕಾರ್ಮಿಕ ಮಹಾಸಭೆಯಲ್ಲಿ ಆಕೆ ಎದ್ದು ನಿಂತು, ಗಂಡಸರಿಗಿರುವ ಮತದ ಹಕ್ಕು ಹೆಂಗಸರೆಲ್ಲರಿಗೂ ಬೇಕೆಂದರು. ಸರ್ಕಾರವೇ ಬೇಡವೆನ್ನುವ ಅರಾಜಕತಾವಾದಿಯಾಗಿದ್ದ ಆಕೆ ಮತದ ಹಕ್ಕು ಕೇಳುವುದೆಂದರೇನು? ತೊಡಕು ನಿಜ. ಆದರೆ ಅದನ್ನು ಬಿಡಿಸುವ ಎಳೆ ರಾಜಕೀಯದಲ್ಲಿಲ್ಲ, ಆಕೆಯ ನಂಬಿಕೆಯಲ್ಲಿದೆ.

ಚರ್ಚನ್ನು ಕಟುವಾಗಿ ಟೀಕಿಸಿದ ಕಪೆಟಿಯೊ ದೇವರನ್ನು ಬಿಟ್ಟವರಲ್ಲ. ಫ್ರಾನ್ಸಿನ ಅಲನ್ ಕಾರ್ಡೆಕ್ ರೂಪಿಸಿದ ಆತ್ಮವಾದವನ್ನು ಅವರು ನಂಬಿದ್ದರು. ಅದರ ಪ್ರಕಾರ ಆತ್ಮಕ್ಕೆ ಲಿಂಗವಿಲ್ಲ. ಒಂದು ಜನ್ಮದಲ್ಲಿ ಗಂಡಾದದ್ದು ಇನ್ನೊಂದರಲ್ಲಿ ಹೆಣ್ಣಾಗಬಹುದು. ಹಾಗಿದ್ದ ಮೇಲೆ ಹಕ್ಕನ್ನು ದೇಹ ನೋಡಿ ಹಂಚುವುದು ಯಾವ ನ್ಯಾಯ? 1911ರಲ್ಲಿ ಹೆಣ್ಣಿನ ಸ್ವಾತಂತ್ರ್ಯ, ಹಕ್ಕು, ಕರ್ತವ್ಯಗಳ ಬಗ್ಗೆ ಪುಸ್ತಕವನ್ನೇ ಬರೆದರು. 1915ರಲ್ಲಿ ಹವಾನಾದ ಬೀದಿಯಲ್ಲಿ ಪ್ಯಾಂಟು ತೊಟ್ಟು ನಡೆದದ್ದಕ್ಕೆ ಪೊಲೀಸರು ಹಿಡಿದರು. ಹೆಂಗಸು ಪ್ಯಾಂಟು ತೊಡಬಾರದೆಂಬ ಕಾನೂನೇ ಇಲ್ಲವೆಂದು ವಾದಿಸಿ ಬಿಡುಗಡೆಯಾದರು. ಇದನ್ನು ಬರೀ ತಮಾಷೆಯ ಪ್ರಸಂಗವಾಗಿ ಹೇಳುವವರಿದ್ದಾರೆ. ಬಟ್ಟೆ ದೇಹದ್ದು, ಹಕ್ಕು ಆತ್ಮದ್ದು ಎಂದು ನಂಬಿದವರಿಗೆ ಅದು ಅಷ್ಟು ಹಗುರವಲ್ಲ.

ಎದುರಿಗೆ ಇನ್ನೊಂದು ವಾದವಿತ್ತು. ಶಿಕ್ಷಕಿ, ಲೇಖಕಿ ಆನಾ ರೊಕೆ 1917ರಲ್ಲಿ ಮಹಿಳಾ ಸಂಘ ಕಟ್ಟಿದವರು. ಅಕ್ಷರಸ್ಥ ಹೆಂಗಸರಿಗೆ ಮೊದಲು ಮತ ಸಿಗಲಿ ಎಂಬ ನಿಲುವು ಅವರದು. ವಿವೇಚನೆಗೆ ಓದು ಬೇಕೆಂಬುದು ತೀರಾ ತಳ್ಳಿಹಾಕುವ ಮಾತಲ್ಲ. ಆದರೆ ಓದು ಬಾರದ ಗಂಡಸರು ಆಗಲೇ ಮತ ಹಾಕುತ್ತಿದ್ದರಲ್ಲ!

ಅಮೆರಿಕದ ಹೆಂಗಸರಿಗೆ 1920ರಲ್ಲಿ ಸಂವಿಧಾನ ತಿದ್ದುಪಡಿಯಿಂದ ಮತದ ಹಕ್ಕು ಸಿಕ್ಕಾಗ ತಂಬಾಕು ಕಾರ್ಮಿಕರಾಗಿದ್ದ ಹೆನಾರಾ ಪಾಗಾನ್ ಹೆಸರು ನೋಂದಾಯಿಸಲು ಹೋದರು. ಅಮೆರಿಕದ ಆಳ್ವಿಕೆಯಲ್ಲಿದ್ದರೂ ಆ ತಿದ್ದುಪಡಿ ಈ ದ್ವೀಪಕ್ಕೆ ಅನ್ವಯಿಸದು ಎಂಬ ಉತ್ತರ ಬಂತು. ಕಪೆಟಿಯೊ 1922ರಲ್ಲಿ ಕ್ಷಯದಿಂದ ತೀರಿಕೊಂಡರು.

1929ರ ಕಾನೂನು ಗೆಲ್ಲಿಸಿದ್ದು ರೊಕೆಯ ವಾದವನ್ನು. ಓದುಬರಹ ಬಲ್ಲ ಹೆಂಗಸರು 1932ರಲ್ಲಿ ಮತ ಹಾಕಿದರು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪತ್ರಿಕೆ, ಕಾದಂಬರಿ ಕೇಳಿ, ಮುಷ್ಕರದಲ್ಲಿ ವಾದಿಸಿ ಪಳಗಿದ್ದರೂ ಅಕ್ಷರ ಕಲಿಯದ ಹೆಂಗಸರು ಆ ಲೆಕ್ಕದಲ್ಲಿ ಅನಕ್ಷರಸ್ಥರೇ. ಅವರಿಗೆ ಮತಪತ್ರ ಸಿಗಲು 1935ರ ಕಾನೂನು ಬರಬೇಕಾಯಿತು.