ಇಂದಿನ ಧಮ್ಮ ಚಿಂತನೆ: ಮಗು ಶಾಲೆಗೆ ಸಿದ್ಧವೇ?





ನಾನು ಶಾಲೆಗೆ ಸೇರಲು ಹೋದಾಗ ಮೇಷ್ಟ್ರು, ಬಲಗೈಯನ್ನು ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಎಂದರು. ಯಾರ ಮನೆಯಲ್ಲೂ ಜನನ ಪತ್ರ ಇಲ್ಲದ ಕಾಲ. ಬೆರಳು ಎಟುಕಲಿಲ್ಲ. "ಬರೋ ವರ್ಷ ಬಾರಪ್ಪ" ಎಂದು ಕಳಿಸಿದರು. ಮರುವರ್ಷ ಎಟುಕಿತು. ಎಲ್ಲ ಕೇರಿಯ ಮಕ್ಕಳಿಗೂ ಅದೇ ಅಳತೆ ಇದ್ದುದರಿಂದ ನನಗೆ ಅವಮಾನ ಅನಿಸಲಿಲ್ಲ.

ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಲು ಒಂದು ಖಾಸಗಿ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಆರು ವರ್ಷ ತುಂಬಿತ್ತು. ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ನಾನೂ ತೋಳು ಹಿಡಿದು, "ಮನೇಲಿ ಹೇಳ್ತಿದ್ದಲ್ಲ, ಹೇಳು" ಎಂದು ಗದರಿದೆ. "ಮಗು ಇನ್ನೂ ರೆಡಿ ಇಲ್ಲ" ಎಂದರು. ಪಾಲಹಳ್ಳಿಗೆ ಬರುವ ಬಸ್ಸಿನಲ್ಲಿ ಅವಳು ಕೇಳಿದಳು: "ತಾತ, ನಾನು ಫೇಲಾ?"

ಆಲೆಮನೆಯಲ್ಲಿ ಅಪ್ಪನ ಜೊತೆ ನಿಂತು ಅಚ್ಚುಬೆಲ್ಲವನ್ನು ಹತ್ತತ್ತರ ಸಾಲು ಮಾಡಿ ಎಣಿಸುವ ಮಗು ಅದು. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಾಗಾದರೆ ಮಗುವನ್ನು ಪರೀಕ್ಷಿಸಿ ನೋಡುವುದೇ ತಪ್ಪೇ? ಅಲ್ಲ. ಆಲೆಮನೆಯಲ್ಲಿ ಪಾಕವನ್ನು ನೀರಿಗೆ ಬಿಟ್ಟು ಹದ ನೋಡುತ್ತಾರೆ. ಹದ ಬಂದಿಲ್ಲವೆಂದು ಕಬ್ಬಿನ ಹಾಲನ್ನು ಚೆಲ್ಲುವುದಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯಲು ನೋಡುತ್ತಾರೆ. ಮಾತು ತಡವಾದ ಮಗು, ಕಿವಿ ಮಂದವಾದ ಮಗು, ಅಮ್ಮನ ಸೆರಗು ಬಿಡದ ಮಗು, ಇವರನ್ನು ಗಮನಿಸಿ ನೋಡದಿದ್ದರೆ ನೆರವಾಗುವುದು ಹೇಗೆ?

ಚೂಳಪಂಥಕ ಭಿಕ್ಖುವಿನ ಕಥೆ ನಮಗೆಲ್ಲ ಗೊತ್ತು. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸ್ವಂತ ಅಣ್ಣನೇ ವಿಹಾರ ಬಿಟ್ಟು ಹೋಗು ಎಂದ. ಭಗವಾನರೂ ಅವನ ಶಕ್ತಿಯನ್ನು ಅಳೆದರು. ಆದರೆ ಹೊರಗೆ ಕಳಿಸಲಿಲ್ಲ. ಒಂದು ಬಿಳಿ ಬಟ್ಟೆ ಕೊಟ್ಟು ಉಜ್ಜುತ್ತಾ ಕೂರಲು ಹೇಳಿದರು. ಬಟ್ಟೆ ಕೊಳೆಯಾಗುತ್ತಾ ಬಂದಂತೆ ಅನಿತ್ಯ ಅವನಿಗೆ ಅರ್ಥವಾಯಿತು. ಅಣ್ಣ ನೋಡಿದ್ದು ಅವನಿಗೆ ಏನು ಬರುವುದಿಲ್ಲ ಎಂಬುದನ್ನು. ಭಗವಾನರು ನೋಡಿದ್ದು ಅವನು ಹೇಗೆ ಕಲಿಯಬಲ್ಲ ಎಂಬುದನ್ನು.

ಬಾಬಾಸಾಹೇಬರು ಬಾಲ್ಯದಲ್ಲಿ ಗೋಣಿತಟ್ಟು ಹೊತ್ತುಕೊಂಡು ಹೋಗಿ, ತರಗತಿಯಲ್ಲಿ ಬೇರೆ ಕೂರಬೇಕಾಗಿತ್ತು. ಅಲ್ಲಿ ಮಗು ಸಿದ್ಧವಾಗಿತ್ತು, ಶಾಲೆ ಸಿದ್ಧವಾಗಿರಲಿಲ್ಲ.

ವಯಸ್ಸಿನ ನಿಯಮ ಬೇರೆ ಮಾತು. ಜೂನ್ 1ಕ್ಕೆ ಆರು ತುಂಬಿರಬೇಕೆಂದು ನಮ್ಮ ರಾಜ್ಯ 2022ರಲ್ಲಿ ಆದೇಶ ಮಾಡಿತು. ಎಲ್ಲರಿಗೂ ಒಂದೇ ಆದರೆ ಕಾಯುವುದರಲ್ಲಿ ಅವಮಾನವಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಒಂದನೇ ತರಗತಿಗೆ ಸೇರಿಸುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ ದಂಡವಿದೆ. ಇದನ್ನು ತಿಳಿದಿರಿ, ಪಕ್ಕದ ಮನೆಯವರಿಗೂ ತಿಳಿಸಿ.

ಮೊಮ್ಮಗಳು ಈಗ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾಳೆ. ಅಂದು ಬಸ್ಸಿನಲ್ಲಿ ನಾನು ಉತ್ತರ ಕೊಡಲಿಲ್ಲ. ರಾತ್ರಿ ಹೇಳಿದೆ: "ಇಲ್ಲ ಮಗ, ನೀನು ಫೇಲಾಗಿಲ್ಲ. ನಾನು ಗದರಿದ್ದು ತಪ್ಪು." ಶಾಲೆಯ ತಪ್ಪನ್ನು ಹೇಳುವುದು ನನಗೆ ಸುಲಭವಿತ್ತು. ನನ್ನದನ್ನು ಒಪ್ಪಿಕೊಳ್ಳಲು ರಾತ್ರಿಯಾಯಿತು.

ಇಂದು ನಿಮ್ಮ ಮನೆಯ ಒಂದು ಮಗುವನ್ನು ಸುಮ್ಮನೆ ಹತ್ತು ನಿಮಿಷ ಗಮನಿಸಿ. ಅದಕ್ಕೆ ಏನು ಬರುತ್ತದೆ ಎಂಬುದನ್ನು ಮಾತ್ರ ನೋಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.