ದ್ರವ್ಯ ಹೋಗಿ ಆಕಾರ ಉಳಿದ ಚಿಪ್ಪು

ಛಾಂದೋಗ್ಯೋಪನಿಷತ್ತಿನ ಉದ್ದಾಲಕನು ಮಗ ಶ್ವೇತಕೇತುವಿಗೆ ಕೊಡುವ ಮಣ್ಣಿನ ದೃಷ್ಟಾಂತದಲ್ಲಿ ಸತ್ಯವಾದುದು ಮಣ್ಣು. ಮಡಕೆಯ ಆಕಾರ ಬರಿಯ ಹೆಸರಿನ ಮಟ್ಟದ್ದು. ಜೈನ ದಾರ್ಶನಿಕ ಸಮಂತಭದ್ರನು ಆಪ್ತಮೀಮಾಂಸೆಯಲ್ಲಿ ಚಿನ್ನದ ಕೊಡವನ್ನು ಮುರಿದು ಕಿರೀಟ ಮಾಡುವ ಪ್ರಸಂಗವನ್ನು ವಿಚಾರಿಸುವಾಗ ಉತ್ಪತ್ತಿ, ನಾಶ, ಸ್ಥಿತಿ ಮೂರನ್ನೂ ಒಪ್ಪುತ್ತಾನಾದರೂ, ಸ್ಥಿತಿಯನ್ನು ಚಿನ್ನದಲ್ಲೇ ಕಾಣುತ್ತಾನೆ. ಈ ಎರಡು ದರ್ಶನಗಳ ಸಿದ್ಧಾಂತ ಬೇರೆ ಬೇರೆಯಾಗಿದ್ದರೂ ದೃಷ್ಟಾಂತದ ದಿಕ್ಕು ಒಂದೇ: ದ್ರವ್ಯ ನಿಲ್ಲುತ್ತದೆ, ಆಕಾರ ಅಳಿಯುತ್ತದೆ. ಇದಕ್ಕೆ ತಿರುಗುಮುರುಗಾದ ವಸ್ತುಗಳು ಪಶ್ಚಿಮ ಟೆಕ್ಸಾಸಿನ ಗ್ಲಾಸ್ ಮೌಂಟನ್ಸ್ ಬೆಟ್ಟಗಳ ಸುಣ್ಣಕಲ್ಲಿನಲ್ಲಿ ಹೇರಳವಾಗಿ ಸಿಕ್ಕಿವೆ.

ಅವು ಬ್ರೇಕಿಯೊಪಾಡ್‌ಗಳೆಂಬ ಕಡಲಜೀವಿಗಳ ಚಿಪ್ಪುಗಳು. ನೋಟಕ್ಕೆ ಕಪ್ಪೆಚಿಪ್ಪಿನಂತಿದ್ದರೂ ಈ ಜೀವಿಯ ಎರಡು ಚಿಪ್ಪುಗಳು ದೇಹದ ಎಡಬಲಕ್ಕಲ್ಲದೆ ಬೆನ್ನು ಮತ್ತು ಹೊಟ್ಟೆಯ ಕಡೆಗೆ ಇರುತ್ತವೆ. ಸುಮಾರು 27 ಕೋಟಿ ವರ್ಷಗಳ ಹಿಂದೆ, ಭೂವಿಜ್ಞಾನಿಗಳು ಪರ್ಮಿಯನ್ ಎಂದು ಕರೆಯುವ ಕಾಲದಲ್ಲಿ, ಅಲ್ಲಿದ್ದ ಕಡಲಿನಲ್ಲಿ ಇವು ದಟ್ಟವಾಗಿ ಬಾಳಿದ್ದವು. ಜೀವಂತವಿದ್ದಾಗ ಚಿಪ್ಪು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ್ದಾಗಿತ್ತು. ಹೂತುಹೋದ ಮೇಲೆ ಕಲ್ಲಿನೊಳಗೆ ಹರಿದ ನೀರು ಆ ಕ್ಯಾಲ್ಸೈಟನ್ನು ಕರಗಿಸಿ, ಅದೇ ಜಾಗದಲ್ಲಿ ಮರಳಿನ ಮೂಲದ್ರವ್ಯವಾದ ಸಿಲಿಕಾವನ್ನು ಇಳಿಸಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಜಿ. ಆರ್ಥರ್ ಕೂಪರ್ ಅಲ್ಲಿಂದ ತರಿಸಿದ ಬಂಡೆಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿಟ್ಟಾಗ, ಸುಣ್ಣಕಲ್ಲು ನೊರೆಯೆದ್ದು ಕರಗಿಹೋಗಿ, ಆಮ್ಲಕ್ಕೆ ಜಗ್ಗದ ಸಿಲಿಕಾ ಚಿಪ್ಪುಗಳು ತೊಟ್ಟಿಯ ತಳದಲ್ಲಿ ಉಳಿದವು. ಪ್ರೊಡಕ್ಟಿಡ್ ಎಂಬ ಗುಂಪಿನ ಚಿಪ್ಪುಗಳಲ್ಲಿ ಕೂದಲೆಳೆಯಂಥ ಮುಳ್ಳುಗಳು ಸಹ ಮುರಿಯದೆ ಬಂದವು. ಸುತ್ತಿಗೆ ಉಳಿಗಳಿಂದ ಇವನ್ನು ಬಿಡಿಸುವುದು ಆಗದ ಮಾತಾಗಿತ್ತು. ಕೂಪರ್ ಮತ್ತು ರಿಚರ್ಡ್ ಗ್ರಾಂಟ್ ಇವುಗಳನ್ನು ವಿವರಿಸಿ ಬರೆದ ಗ್ರಂಥ 1972ರಿಂದ 1977ರವರೆಗೆ ಆರು ಭಾಗಗಳಲ್ಲಿ ಹೊರಬಂದಿತು.

ಮೂಲದ್ರವ್ಯ ಪೂರ್ತಿ ಹೋಗಿರುವ ಇಂಥದನ್ನು ಆ ಜೀವಿಯ ಚಿಪ್ಪೆಂದೇ ಕರೆಯಬಹುದೇ? ಆವಿಗೆಯಲ್ಲಿ ಸುಡುವ ಮಡಕೆಯ ಕುರಿತು ಭಾರತೀಯ ತಾರ್ಕಿಕರಲ್ಲಿ ನಡೆದ ವಾದ ಇಲ್ಲಿ ನೆರವಿಗೆ ಬರುತ್ತದೆ. ಬೆಂಕಿಯ ತಾಪಕ್ಕೆ ಹಸಿ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಅವು ಬಣ್ಣ ಬದಲಿಸಿಕೊಂಡು ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆಂಬುದು ವೈಶೇಷಿಕರ ಪೀಲುಪಾಕವಾದ. ಮಡಕೆ ಎಲ್ಲೂ ಒಡೆಯದೆ ಇಡಿಯಾಗಿಯೇ ಬೇಯುತ್ತದೆ, ಆದ್ದರಿಂದಲೇ ಕುಂಬಾರನು ಅದನ್ನು ಅದೇ ಮಡಕೆಯೆಂದು ಗುರುತಿಸುತ್ತಾನೆ ಎಂಬುದು ನೈಯಾಯಿಕರ ಪಿಠರಪಾಕವಾದ. ಬಿಡಿಯಾದ ಪರಮಾಣುಗಳು ಅವೇ ಉಳಿಯುತ್ತವೆಂದು ವೈಶೇಷಿಕರೂ ಒಪ್ಪುವುದರಿಂದ, ಪರಮಾಣುಗಳೇ ಬದಲಾದ ಟೆಕ್ಸಾಸಿನ ಚಿಪ್ಪು ಅವರ ಊಹೆಗಿಂತಲೂ ಕಠಿನವಾದ ಪರೀಕ್ಷೆ. ಹಾಗಿದ್ದೂ ಇಲ್ಲಿ ನೈಯಾಯಿಕರ ಪಕ್ಷವೇ ಬಲವಾಗಿ ತೋರುತ್ತದೆ. ಏಕೆಂದರೆ ಕ್ಯಾಲ್ಸೈಟ್ ಕರಗುವುದೂ ಸಿಲಿಕಾ ಕೂಡುವುದೂ ತೀರ ತೆಳುವಾದ ನೀರಿನ ಪೊರೆಯ ಆಚೀಚೆ ಒಟ್ಟೊಟ್ಟಿಗೆ ನಡೆದಲ್ಲಿ, ಚಿಪ್ಪು ಇಲ್ಲದೆ ಹೋದ ಗಳಿಗೆಯೇ ಇರುವುದಿಲ್ಲ. ಚಿಪ್ಪು ಮೊದಲು ಪೂರ್ತಿ ಕರಗಿ, ಉಳಿದ ಪೊಳ್ಳಿನಲ್ಲಿ ಬೇರೊಂದು ಖನಿಜ ತುಂಬಿಕೊಂಡರೆ ಸಿಗುವುದು ಎರಕ ಮಾತ್ರ. ಹೊರ ಆಕಾರ ಒಂದೇ ಆದರೂ ಅದನ್ನು ಚಿಪ್ಪೆನ್ನಲು ಮನಸ್ಸು ಹಿಂಜರಿಯುತ್ತದೆ. ಎಂದರೆ ಗುರುತನ್ನು ಕಾಯ್ದುಕೊಂಡದ್ದು ಬರಿಯ ಆಕಾರವಲ್ಲ, ಕಡಿಯದೆ ನಡೆದ ಬದಲಾವಣೆ.

ಆದರೆ ಈ ತೀರ್ಪಿಗೂ ಒಂದು ಮಿತಿಯಿದೆ. ಸಿಲಿಕಾ ಹಲವೆಡೆ ಚಿಪ್ಪಿನ ಮೇಲೆ ಒಂದರೊಳಗೊಂದು ಸೇರಿದ ಸಣ್ಣ ಉಂಗುರಗಳಾಗಿ ಕೂರುತ್ತದೆ. ಅಂಥಲ್ಲಿ ಮುಳ್ಳು, ಏಣು, ಹಲ್ಲುಗಳ ಆಕಾರ ಉಳಿದರೂ, ಜೀವಿಯು ಹೆಣೆದಿದ್ದ ಕ್ಯಾಲ್ಸೈಟ್ ನಾರುಗಳ ಒಳನೇಯ್ಗೆ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಚಿಪ್ಪಿನ ಹೊರರೂಪ ನೋಡಿ ಜಾತಿಗೆ ಹೆಸರಿಡುವ ವಿದ್ವಾಂಸನಿಗೆ ಅದು ನಿಸ್ಸಂಶಯವಾಗಿ ಮೂಲ ಚಿಪ್ಪೇ. ಚಿಪ್ಪು ಪದರ ಪದರವಾಗಿ ಬೆಳೆದ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವವನು ಮಾತ್ರ ಅದನ್ನು ಪಕ್ಕಕ್ಕಿಟ್ಟು, ಸಿಲಿಕಾ ಸೋಕದ, ಕಲ್ಲಿನಿಂದ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಾಗದ ಕ್ಯಾಲ್ಸೈಟ್ ಚಿಪ್ಪನ್ನೇ ಅರಸಬೇಕಾಗುತ್ತದೆ.