ಕ್ಯೂಬಾದ ಕೊರತೆಗೆ ಹೊಣೆ ಯಾರು?

1960ರ ಏಪ್ರಿಲ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಲೆಸ್ಟರ್ ಮ್ಯಾಲರಿ ಎಂಬ ಅಧಿಕಾರಿ ಒಂದು ಟಿಪ್ಪಣಿ ಬರೆದ. ಕ್ಯೂಬಾದ ಬಹುಪಾಲು ಜನ ಫಿಡೆಲ್ ಕ್ಯಾಸ್ಟ್ರೊ ಬೆನ್ನಿಗಿದ್ದಾರೆ, ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ವಿರೋಧ ಪಕ್ಷವೇ ಇಲ್ಲ ಎಂದು ಮೊದಲು ಒಪ್ಪಿಕೊಂಡ. ಹಾಗಾದರೆ ಮಾಡಬೇಕಾದದ್ದೇನು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಆ ದೇಶಕ್ಕೆ ಹಣವೂ ಸರಕೂ ಸಿಗದಂತೆ ಮಾಡಬೇಕು, ಕೂಲಿ ಕುಸಿಯಬೇಕು, ಹಸಿವು ಮತ್ತು ಹತಾಶೆ ಹುಟ್ಟಬೇಕು, ಅದರಿಂದ ಸರಕಾರ ಉರುಳಬೇಕು. ಇದು ಯಾರೋ ಹಬ್ಬಿಸಿದ ವದಂತಿಯಲ್ಲ, ಅಮೆರಿಕ ಸರಕಾರವೇ ಅಚ್ಚು ಹಾಕಿಸಿರುವ ದಾಖಲೆ.

ವ್ಯಾಪಾರ ದಿಗ್ಬಂಧನದಿಂದ ಸಮಾಜವಾದಿ ದೇಶವೊಂದರ ಜನ ಕಷ್ಟಕ್ಕೆ ಬೀಳುತ್ತಾರೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ ಎನ್ನಿಸಬಹುದು. ಹೇರಿದವರೇ ಕಷ್ಟ ಕೊಡುವುದು ನಮ್ಮ ಉದ್ದೇಶ ಎಂದು ಬರೆದಿಟ್ಟಿದ್ದಾರೆ. ಆದರೂ ಅರವತ್ತು ವರ್ಷಗಳಿಂದ ವಾದ ನಿಂತಿಲ್ಲ. ಎಲ್ಲಕ್ಕೂ ದಿಗ್ಬಂಧನವೇ ಕಾರಣ ಎಂದು ಒಂದು ಬಣ. ದಿಗ್ಬಂಧನ ಬರೀ ನೆಪ, ಸಮಾಜವಾದವೇ ರೋಗ ಎಂದು ಇನ್ನೊಂದು. ನಮ್ಮ ಎಡಬಲದವರೂ ಕ್ಯೂಬಾದ ಹೆಸರು ಬಂದೊಡನೆ ಈ ಎರಡು ಮಾತುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ. ಪ್ರಶ್ನೆಯನ್ನು ಹೀಗೆ ಸೀಳಿಕೊಂಡಾಗ ಯಾರಿಗೆ ಅನುಕೂಲವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ನಡೆದದ್ದನ್ನು ಮೊದಲು ನೋಡೋಣ. ಕ್ಯಾಸ್ಟ್ರೊ ಅಧಿಕಾರಕ್ಕೇರಿದ ಕ್ರಾಂತಿಗೆ ಮುಂಚೆ ಕ್ಯೂಬಾದ ಸಕ್ಕರೆಗೆ ಅಮೆರಿಕವೇ ದೊಡ್ಡ ಗಿರಾಕಿ. ಸಕ್ಕರೆ ಕಾರ್ಖಾನೆಯ ಯಂತ್ರ, ಬಸ್ಸು, ಟ್ರ್ಯಾಕ್ಟರು, ಅವುಗಳ ಬಿಡಿಭಾಗ ಎಲ್ಲವೂ ಅಲ್ಲಿಂದಲೇ ಬರಬೇಕು. ಫ್ಲಾರಿಡಾದ ತುದಿಯಿಂದ ಕ್ಯೂಬಾಕ್ಕೆ ಬರೀ 145 ಕಿಲೋಮೀಟರು. 1960ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಕ್ಕರೆಯ ಕೋಟಾ ಕತ್ತರಿಸಿದರು, ಅಕ್ಟೋಬರಿನಲ್ಲಿ ಆಹಾರ ಮತ್ತು ಔಷಧ ಬಿಟ್ಟು ಉಳಿದ ರಫ್ತನ್ನು ನಿಲ್ಲಿಸಿದರು. 1962ರ ಫೆಬ್ರವರಿಯಲ್ಲಿ ಕೆನಡಿ ಬಾಗಿಲನ್ನು ಪೂರ್ತಿ ಮುಚ್ಚಿದರು. ಅದೇ ವರ್ಷ ಕ್ಯೂಬಾದ ಪ್ರತಿ ಮನೆಗೂ ಪಡಿತರ ಪುಸ್ತಕ ಬಂತು. ಅದನ್ನು ಅಲ್ಲಿಯವರು ಲಿಬ್ರೆತಾ ಎನ್ನುತ್ತಾರೆ, ಇಂದಿಗೂ ಅದು ಚಾಲ್ತಿಯಲ್ಲಿದೆ.

ಅಮೆರಿಕವೊಂದು ವ್ಯಾಪಾರ ಬಿಟ್ಟರೆ ಏನಂತೆ, ಜಗತ್ತಿನ ಉಳಿದ ದೇಶಗಳಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ದಿಗ್ಬಂಧನ ಎರಡು ದೇಶಗಳ ನಡುವಿನ ಮುನಿಸಿಗೆ ನಿಲ್ಲಲಿಲ್ಲ. ಯಾವ ದೇಶದಲ್ಲೇ ತಯಾರಾಗಲಿ, ಒಂದು ಯಂತ್ರದ ಬೆಲೆಯಲ್ಲಿ ಶೇಕಡ 10ಕ್ಕಿಂತ ಹೆಚ್ಚು ಅಮೆರಿಕದ ಭಾಗಗಳಿದ್ದರೆ ಅದನ್ನು ಕ್ಯೂಬಾಕ್ಕೆ ಮಾರಲು ಅಮೆರಿಕದ ಪರವಾನಗಿ ಬೇಕು. 1992ರ ಕಾಯಿದೆಯ ಪ್ರಕಾರ, ವ್ಯಾಪಾರಕ್ಕೆಂದು ಕ್ಯೂಬಾದ ಬಂದರು ಮುಟ್ಟಿದ ಹಡಗು 180 ದಿನ ಅಮೆರಿಕದ ಬಂದರಿಗೆ ಬರುವಂತಿಲ್ಲ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರ ನಡೆಸಿದ್ದಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ತೆತ್ತಿತು. ಅಂಥ ದಂಡ ಕಂಡ ಮೇಲೆ ಕಾನೂನು ಬಿಟ್ಟಿರುವ ವ್ಯವಹಾರಕ್ಕೂ ಬ್ಯಾಂಕುಗಳು ಕೈಹಾಕುವುದಿಲ್ಲ. ಪುಟ್ಟ ದ್ವೀಪದ ಗಿರಾಕಿಗಾಗಿ ನ್ಯೂಯಾರ್ಕಿನ ಖಾತೆಯನ್ನು ಯಾರು ಕಳೆದುಕೊಳ್ಳುತ್ತಾರೆ? ಕೊನೆಗೆ ಕ್ಯೂಬಾ ದೂರದಿಂದ ತರಿಸುತ್ತದೆ, ದುಬಾರಿಗೆ ಕೊಳ್ಳುತ್ತದೆ, ಸಾಲ ಸಿಗದೆ ಕೈಯಲ್ಲಿ ಕಾಸು ಹಿಡಿದೇ ಹೋಗುತ್ತದೆ. ದಿಗ್ಬಂಧನ ಬರೀ ನೆಪ ಎನ್ನುವವರು ಇಷ್ಟನ್ನೂ ಇಲ್ಲವೆನ್ನಬೇಕಾಗುತ್ತದೆ.

ಆದರೆ ಅದೇ ದಿಗ್ಬಂಧನ ಎಲ್ಲ ಕಾಲದಲ್ಲೂ ಒಂದೇ ತೂಕದ್ದಾಗಿರಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದ ಸಕ್ಕರೆಗೆ ಜಾಗತಿಕ ಬೆಲೆಗಿಂತ ಬಹಳ ಹೆಚ್ಚು ಕೊಟ್ಟಿತು, ಎಣ್ಣೆಯನ್ನು ಅಗ್ಗಕ್ಕೆ ಕಳಿಸಿತು. ಆ ಕಾಲದ ಕ್ಯೂಬನ್ನರು ಶ್ರೀಮಂತರಾಗಲಿಲ್ಲ, ಆದರೆ ಉಪವಾಸವಿರಲಿಲ್ಲ. 1991ರಲ್ಲಿ ಒಕ್ಕೂಟ ಮುರಿದುಬಿತ್ತು. ಆಮದು ಕಾಲುಭಾಗದ ಆಸುಪಾಸಿಗೆ ಇಳಿಯಿತು, ಒಟ್ಟು ಉತ್ಪನ್ನ ಸುಮಾರು ಮೂರನೇ ಒಂದು ಭಾಗ ಕರಗಿತು. ಸರಕಾರ ಇದಕ್ಕೆ ಶಾಂತಿಕಾಲದ ವಿಶೇಷ ಅವಧಿ ಎಂದು ಹೆಸರಿಟ್ಟಿತು. ಬಸ್ಸು ನಿಂತಿತು, ಚೀನಾದಿಂದ ಲಕ್ಷಗಟ್ಟಲೆ ಸೈಕಲ್ಲು ಬಂದವು. ಹೊಲದಲ್ಲಿ ಟ್ರ್ಯಾಕ್ಟರಿನ ಜಾಗಕ್ಕೆ ಎತ್ತು ಬಂತು. ಜನ ಕಣ್ಣಿಗೆ ಕಾಣುವಂತೆ ಸೊರಗಿದರು. 1992, 93ರಲ್ಲಿ ಸುಮಾರು ಐವತ್ತು ಸಾವಿರ ಮಂದಿಗೆ ದೃಷ್ಟಿ ಮಂಜಾಯಿತು, ಕೈಕಾಲು ಜೋಮು ಹಿಡಿಯಿತು. ಅನ್ನದಲ್ಲಿ ಬಿ ವರ್ಗದ ಜೀವಸತ್ವ ಸಾಲದೆ ನರಗಳು ಸೋತಿದ್ದವು. ಭಾರತದಿಂದ ಕಮ್ಯುನಿಸ್ಟ್ ನಾಯಕ ಹರ್ಕಿಶನ್ ಸಿಂಗ್ ಸುರ್ಜೀತರ ಮುಂದಾಳತ್ವದಲ್ಲಿ ಹತ್ತು ಸಾವಿರ ಟನ್ ಗೋಧಿ ಸಂಗ್ರಹವಾಗಿ ಹಡಗೇರಿದ್ದು ಈ ಹೊತ್ತಿನಲ್ಲೇ.

ಇದೇ ಹೊತ್ತಿನಲ್ಲಿ ಅಮೆರಿಕ ಏನು ಮಾಡಿತು? ಶೀತಲ ಸಮರ ಮುಗಿದಿತ್ತು. ಸೋವಿಯತ್ ಕ್ಷಿಪಣಿಯ ಭಯ ಉಳಿದಿರಲಿಲ್ಲ. ದಿಗ್ಬಂಧನ ಬರೀ ಭದ್ರತೆಯ ಕ್ರಮವಾಗಿದ್ದರೆ ಅದು ಸಡಿಲವಾಗಬೇಕಾದ ಕಾಲ ಅದು. ಬದಲಿಗೆ 1992ರಲ್ಲಿ ಒಂದು ಕಾಯಿದೆ, 1996ರಲ್ಲಿ ಹೆಲ್ಮ್ಸ್–ಬರ್ಟನ್ ಎಂಬ ಇನ್ನೊಂದು ಕಾಯಿದೆ ಬಂದು ಕುಣಿಕೆ ಬಿಗಿಯಾಯಿತು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವರ ಮೇಲೆ ಎಳೆದ ಈ ಬರೆಯನ್ನು ನಾನು ಯಾವ ವಾದದಿಂದಲೂ ಸಮರ್ಥಿಸಲಾರೆ. ಉರುಳಬೇಕಿದ್ದ ಸರಕಾರ ಉರುಳಲಿಲ್ಲ. ಸೊರಗಿದ್ದು ಸರಕಾರದ ಮೈಯಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಒಂದು ಬಣಕ್ಕೆ ಸಮಾಧಾನವಾಗುತ್ತದೆ. ಆದರೆ ಕ್ಯೂಬಾದ ರಾಜಧಾನಿ ಹವಾನಾದಲ್ಲೇ ತೆಗೆದುಕೊಂಡ ತೀರ್ಮಾನಗಳೂ ಇವೆ. 1968ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಚಿಕ್ಕ ವ್ಯಾಪಾರಗಳನ್ನು ಸರಕಾರ ವಶಪಡಿಸಿಕೊಂಡಿತು. ಬೀದಿಬದಿಯ ತಿಂಡಿ ಅಂಗಡಿ, ಚಪ್ಪಲಿ ಹೊಲಿಯುವವನ ಮಳಿಗೆ ಕೂಡ ಉಳಿಯಲಿಲ್ಲ. 1970ರಲ್ಲಿ ಒಂದು ಕೋಟಿ ಟನ್ ಸಕ್ಕರೆ ತೆಗೆಯುತ್ತೇವೆಂದು ಇಡೀ ದೇಶವನ್ನು ಕಬ್ಬಿನ ಗದ್ದೆಗೆ ಇಳಿಸಿದರು. ಸುಮಾರು 85 ಲಕ್ಷ ಟನ್ ಬಂತು, ಉಳಿದ ಉದ್ಯಮಗಳು ಸೊರಗಿದವು. ಸೋತಿದ್ದೇವೆಂದು ಕ್ಯಾಸ್ಟ್ರೊ ಜನರ ಮುಂದೆ ನಿಂತು ಒಪ್ಪಿಕೊಂಡರು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ರೈತಸಂತೆಯ ಕಥೆಯಲ್ಲಿ. ಸರಕಾರಕ್ಕೆ ಕೊಡಬೇಕಾದ ಪಾಲು ಕೊಟ್ಟ ಮೇಲೆ ಮಿಕ್ಕಿದ್ದನ್ನು ರೈತರು ತಮ್ಮ ಬೆಲೆಗೆ ಮಾರಬಹುದು ಎಂದು 1980ರಲ್ಲಿ ಸಂತೆಗಳಿಗೆ ಅನುಮತಿ ಸಿಕ್ಕಿತು. ಕೆಲವರು ದುಡ್ಡು ಮಾಡಿಕೊಳ್ಳುತ್ತಿದ್ದಾರೆ ಎಂದು 1986ರಲ್ಲಿ ಅವುಗಳನ್ನು ಮುಚ್ಚಿದರು. ಬೇರೆ ದಾರಿ ಕಾಣದೆ 1994ರಲ್ಲಿ ಮತ್ತೆ ತೆರೆದರು, ತರಕಾರಿಯೂ ಗೆಡ್ಡೆಗೆಣಸೂ ಮತ್ತೆ ಕಣ್ಣಿಗೆ ಬಿದ್ದವು. ತೆರೆದಾಗಲೂ ಮುಚ್ಚಿದಾಗಲೂ ದಿಗ್ಬಂಧನ ಇದ್ದಲ್ಲೇ ಇತ್ತು. ಅದು ತೊಲಗದೆಯೂ ಹವಾನಾದ ಒಂದು ಆದೇಶದಿಂದ ಅಡುಗೆಮನೆಗೆ ತರಕಾರಿ ಬರಬಹುದಾಗಿತ್ತು, ಎಂಟು ವರ್ಷ ಆ ಆದೇಶ ಬರಲಿಲ್ಲ. ಕೊಯ್ಲಾದ ಬೆಳೆಯನ್ನು ಸರಕಾರದ ಖರೀದಿ ಸಂಸ್ಥೆ ಅಕೋಪಿಯೊ ಹೊತ್ತಿಗೆ ಬಂದು ಒಯ್ಯದೆ ಹೊಲದಲ್ಲೇ ಕೊಳೆಯುವುದು ಅಲ್ಲಿ ಹಳೆಯ ದೂರು. ತಾನೇ ಸಾಕಿದ ದನದ ಮಾಂಸ ಮಾರಲು ರೈತನಿಗೆ ದಾರಿಯಾದದ್ದು 2021ರಲ್ಲಿ, ಅದೂ ಷರತ್ತಿನ ಮೇಲೆ.

2007ರಲ್ಲಿ ಫಿಡೆಲ್ ಅವರ ತಮ್ಮ ರಾವುಲ್ ಕ್ಯಾಸ್ಟ್ರೊ ಕಾಮಗ್ವೆ ಪ್ರಾಂತದಲ್ಲಿ ಮಾತನಾಡುತ್ತ, ಬರುವ ದಾರಿಯುದ್ದಕ್ಕೂ ಸೊಂಪಾಗಿ ಬೆಳೆದದ್ದು ಮಾರಬೂ ಮುಳ್ಳುಗಿಡ ಎಂದರು. ಒಂದೇ ಹೂಗೊಂಚಲಿನಲ್ಲಿ ಅರ್ಧ ನಸುಗೆಂಪು, ಅರ್ಧ ಹಳದಿ ಇರುವ ಆ ಗಿಡ ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲೂ ಇದೆ. ಇಲ್ಲಿ ಅದು ಕಾಡಿನ ಹತ್ತು ಗಿಡಗಳಲ್ಲಿ ಒಂದು. ಅಲ್ಲಿ ಲಕ್ಷಾಂತರ ಹೆಕ್ಟೇರ್ ಉಳುವ ನೆಲವನ್ನು ನುಂಗಿತ್ತು. ತನ್ನ ಆಹಾರದ ಬಹುಪಾಲನ್ನು ಹೊರಗಿನಿಂದ ಕೊಳ್ಳುವ ದೇಶ ಫಲವತ್ತಾದ ನೆಲವನ್ನು ಪಾಳು ಬಿಟ್ಟಿತ್ತು. ಡೀಸೆಲ್ಲು, ಗೊಬ್ಬರ, ಬಿಡಿಭಾಗ ಸಿಗದ್ದಕ್ಕೆ ದಿಗ್ಬಂಧನದ ಕೈ ಇದೆ, ಸರಿ. ಆದರೆ ನೆಲವನ್ನು ದುಡಿಯುವವನ ಕೈಗೆ ಕೊಡದೆ ಇಟ್ಟುಕೊಂಡವರು ಯಾರು? 2008ರಲ್ಲಿ ಅಂಥ ನೆಲವನ್ನು ರೈತರಿಗೆ ಅನುಭೋಗಕ್ಕೆ ಹಂಚಲು ಆದೇಶ ಬಂತು. ಹಾಗಾದರೆ ಅದಕ್ಕೂ ಮುಂಚೆ ಹಂಚಬಹುದಿತ್ತು.

ಇಲ್ಲಿ ವಿಯೆಟ್ನಾಮನ್ನು ನೆನೆಯಲೇಬೇಕು. ಅದೂ ಕಮ್ಯುನಿಸ್ಟ್ ಪಕ್ಷದ ಆಡಳಿತ, ಅದರ ಮೇಲೂ ಅಮೆರಿಕದ ದಿಗ್ಬಂಧನ, ಜೊತೆಗೆ ಯುದ್ಧದ ಗಾಯ. ಎಂಬತ್ತರ ದಶಕದಲ್ಲಿ ಅಕ್ಕಿಯನ್ನು ಹೊರಗಿನಿಂದ ತರಿಸುತ್ತಿದ್ದ ದೇಶ ಅದು. 1986ರಲ್ಲಿ ದೊಯ್ ಮೊಯ್ ಎಂಬ ಸುಧಾರಣೆ ಶುರುವಾಯಿತು, 1988ರಲ್ಲಿ ಹೊಲದ ತೀರ್ಮಾನ ಸಾಮೂಹಿಕ ಸಂಘದಿಂದ ರೈತ ಕುಟುಂಬಕ್ಕೆ ಬಂತು, 1989ರಲ್ಲಿ ವಿಯೆಟ್ನಾಮ್ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ರಫ್ತು ಮಾಡಿತು. ಕ್ಲಿಂಟನ್ ದಿಗ್ಬಂಧನ ತೆಗೆದದ್ದು 1994ರ ಫೆಬ್ರವರಿಯಲ್ಲಿ. ಮೊದಲು ಹಸಿವು ಇಳಿಯಿತು, ದಿಗ್ಬಂಧನ ಹೋದದ್ದು ಆಮೇಲೆ. ಎರಡೂ ಕಥೆಗಳು ಒಂದೇ ಅಲ್ಲ ಎಂಬುದು ನಿಜ. ವಿಯೆಟ್ನಾಮಿನ ಸುತ್ತ ಬೆಳೆಯುತ್ತಿದ್ದ ಏಷ್ಯಾ ಇತ್ತು, ಕ್ಯೂಬಾದ ಎದುರಿಗೆ ಇದ್ದದ್ದು ಅಮೆರಿಕ. ಆದರೂ ಈ ಅನುಕ್ರಮವನ್ನು ಕಣ್ಣಿಂದ ಮರೆಮಾಡಲಾಗದು. ಈಗ ವಿಯೆಟ್ನಾಮಿನ ಕಂಪನಿಯೊಂದು ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ಗದ್ದೆ ಪಡೆದು ಭತ್ತ ಬೆಳೆಯುತ್ತಿದೆ.

ಸಮಾಜವಾದವೇ ರೋಗ ಎನ್ನುವವರ ಬಾಯಿಗೂ ಒಂದು ತಡೆಯಿದೆ, ಅದು ನಮ್ಮ ಬೆಂಗಳೂರಿನಲ್ಲೇ ಇದೆ. 2006ರಲ್ಲಿ ಬಯೋಕಾನ್ ಕಂಪನಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ನಿಮೋಟುಜುಮಾಬ್ ಎಂಬ ಔಷಧವನ್ನು ಮಾರುಕಟ್ಟೆಗೆ ತಂದಿತು. ಹೊಗೆಸೊಪ್ಪು, ಗುಟ್ಕಾ ಇಷ್ಟೊಂದು ಬಾಯಿಗಳನ್ನು ಸುಡುವ ನಮ್ಮ ದೇಶದಲ್ಲಿ ಆ ಕ್ಯಾನ್ಸರು ಚಿಕ್ಕ ಮಾತಲ್ಲ. ಆ ಔಷಧ ಹುಟ್ಟಿದ್ದು ಹವಾನಾದಲ್ಲಿ. ಅದರ ಹಿಂದಿರುವ ಅಣು ರೋಗನಿರೋಧಶಾಸ್ತ್ರ ಕೇಂದ್ರ ಬಾಗಿಲು ತೆರೆದದ್ದು 1994ರಲ್ಲಿ, ವಿಶೇಷ ಅವಧಿಯ ನಡುವೆಯೇ. ದಿಗ್ಬಂಧನದ ಒಳಗೆ, ಸರಕಾರಿ ಸಂಸ್ಥೆಯೊಂದರಲ್ಲಿ, ಕತ್ತಲು ಕವಿದ ನಗರದಲ್ಲಿ ವಿಜ್ಞಾನಿಗಳು ಇದನ್ನು ಮಾಡಿದರು. ಅದೇ ಕೇಂದ್ರದ ಶ್ವಾಸಕೋಶ ಕ್ಯಾನ್ಸರಿನ ಲಸಿಕೆಯನ್ನು ಪರೀಕ್ಷಿಸಿ ನೋಡಲು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿರುವ ಕ್ಯಾನ್ಸರ್ ಕೇಂದ್ರವೊಂದು ತನ್ನದೇ ಸರಕಾರದ ವಿಶೇಷ ಪರವಾನಗಿಗೆ ಕಾಯಬೇಕಾಯಿತು. ಬೆಂಗಳೂರಿನ ರೋಗಿಗೆ ತೆರೆದಿದ್ದ ದಾರಿ ಬಫಲೋ ಪಟ್ಟಣದ ರೋಗಿಗೆ ಮುಚ್ಚಿತ್ತು. ಸರಕಾರ ಮನಸ್ಸಿಟ್ಟ ಕಡೆ ಆ ವ್ಯವಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅದೇ ಮನಸ್ಸು ಬೀನ್ಸಿನ ಕಡೆ, ಹಾಲಿನ ಕಡೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಯೂ ಇದರೊಳಗಿಂದಲೇ ಏಳುತ್ತದೆ.

ಹೊಣೆಯನ್ನು ನಾವು ಪಿತ್ರಾರ್ಜಿತ ಆಸ್ತಿಯ ಹಾಗೆ ಪಾಲು ಮಾಡಲು ಕೂರುತ್ತೇವೆ. ಒಬ್ಬನ ಪಾಲು ಹಿಗ್ಗಿದರೆ ಇನ್ನೊಬ್ಬನದು ಕುಗ್ಗಲೇಬೇಕು ಎಂಬ ಲೆಕ್ಕ. ಅಮೆರಿಕದ ತಪ್ಪಿಗೆ ಎಪ್ಪತ್ತು ಅಂಕ ಕೊಟ್ಟರೆ ಕ್ಯೂಬಾ ಸರಕಾರಕ್ಕೆ ಮೂವತ್ತೇ ಉಳಿಯಿತು ಎಂದು ನಿಟ್ಟುಸಿರು ಬಿಡುತ್ತೇವೆ. ತಪ್ಪಿಗೆ ಈ ಲೆಕ್ಕ ಒಗ್ಗುವುದಿಲ್ಲ. ಹಸಿದವನಿಗೆ ಬರುವ ಅನ್ನವನ್ನು ದಾರಿಯಲ್ಲಿ ತಡೆದವನ ಹೊಣೆ ಪೂರ್ತಿ ಅವನದೇ. ಬೆಳೆಯಬಲ್ಲವನನ್ನು ಬೆಳೆಯಬೇಡ, ಮಾರಬೇಡ ಎಂದು ತಡೆದವನ ಹೊಣೆಯೂ ಪೂರ್ತಿ ಅವನದೇ. ಒಂದು ಇನ್ನೊಂದರಿಂದ ಒಂದು ಕಾಳಿನಷ್ಟೂ ಕಡಿಮೆಯಾಗದು. ಅದಕ್ಕಿಂತ ಕಹಿಯಾದ ಸಂಗತಿ, ಈ ಎರಡು ತಪ್ಪುಗಳು ಒಂದಕ್ಕೊಂದು ಆಸರೆಯಾಗಿರುವುದು. ದಿಗ್ಬಂಧನ ಇರುವವರೆಗೆ ಹವಾನಾದ ಆಡಳಿತಕ್ಕೆ ತನ್ನ ಪ್ರತಿ ಸೋಲಿಗೂ ಒಂದು ನಿಜವಾದ ವಿವರಣೆ ಸಿದ್ಧವಿರುತ್ತದೆ. ಅದು ಸೋತಷ್ಟೂ ವಾಷಿಂಗ್ಟನ್ನಿಗೆ ದಿಗ್ಬಂಧನ ಮುಂದುವರಿಸಲು ಒಂದು ಸಮರ್ಥನೆ ಸಿಗುತ್ತದೆ.

ಕ್ಯೂಬನ್ನರಿಗೆ ಇದು ಗೊತ್ತು. ಹೊರಗಿನ ದಿಗ್ಬಂಧನದ ಜೊತೆಗೆ ಒಳಗಿನ ದಿಗ್ಬಂಧನವೂ ಒಂದಿದೆ ಎಂದು ಅವರು ಹೇಳುವುದುಂಟು. 2021ರ ಜುಲೈ 11ರಂದು ಕರೆಂಟು, ಔಷಧ, ಅನ್ನ, ಸ್ವಾತಂತ್ರ್ಯ ಎಲ್ಲವನ್ನೂ ಒಟ್ಟಿಗೆ ಕೇಳುತ್ತ ಸಾವಿರಾರು ಜನ ಬೀದಿಗೆ ಬಂದರು. ನೂರಾರು ಜನ ಜೈಲು ಸೇರಿದರು, ಕೆಲವರಿಗೆ ಇಪ್ಪತ್ತು ವರ್ಷ ಮೀರಿದ ಶಿಕ್ಷೆಯಾಯಿತು. ದಿಗ್ಬಂಧನ ಹಾಕಿದ ಶಾಸನಸಭೆಯಲ್ಲಿ ಅವರ ಮತವಿಲ್ಲ. ಅವರ ದೇಶದಲ್ಲಿ ಇರುವುದು ಒಂದೇ ಪಕ್ಷ. ಕಷ್ಟ ಹೊತ್ತವರಿಗೆ ಎರಡು ಕಡೆಯೂ ಲೆಕ್ಕ ಕೇಳುವ ಅಧಿಕಾರವಿಲ್ಲ. ದಿಗ್ಬಂಧನವೋ ಸಮಾಜವಾದವೋ ಎಂಬ ವಾದ ಅವರನ್ನು ಮುಟ್ಟದೆಯೇ ಅವರ ತಲೆಯ ಮೇಲೆ ಹಾರಿಹೋಗುವುದು ಇದರಿಂದಲೇ.

ಎರಡೂ ಕಡೆಯವರು ಬೀಗವನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. 1996ರ ಕಾಯಿದೆಯ ನಂತರ ಅಮೆರಿಕದ ಅಧ್ಯಕ್ಷ ತಾನೊಬ್ಬನೇ ದಿಗ್ಬಂಧನ ಪೂರ್ತಿ ತೆಗೆಯಲಾರ, ಕಾಂಗ್ರೆಸ್ಸು ಬೇಕು. 2002ರಲ್ಲಿ ಕ್ಯೂಬಾ ತನ್ನ ಸಂವಿಧಾನ ತಿದ್ದಿ ಸಮಾಜವಾದವನ್ನು ಬದಲಿಸಲಾಗದು ಎಂದು ಸೇರಿಸಿತು. ವಿಶ್ವಸಂಸ್ಥೆಯ ಮಹಾಸಭೆ 1992ರಿಂದ ಬಹುತೇಕ ಪ್ರತಿ ವರ್ಷವೂ ದಿಗ್ಬಂಧನ ಕೊನೆಯಾಗಲಿ ಎಂದು ನಿರ್ಣಯ ಮಾಡುತ್ತಿದೆ. 2023ರಲ್ಲಿ 187 ದೇಶಗಳು ಪರವಾಗಿದ್ದವು, ಅದರಲ್ಲಿ ಭಾರತವೂ ಒಂದು. ವಿರೋಧಿಸಿದ್ದು ಎರಡೇ ದೇಶ, ಅಮೆರಿಕ ಮತ್ತು ಇಸ್ರೇಲ್. ಈ ಮತ ಸರಿಯಾದದ್ದೆಂದೇ ನನ್ನ ನಂಬಿಕೆ. ಕ್ಯೂಬಾ ಸರಕಾರ ಒಳ್ಳೆಯದಾದ ಮೇಲೆ ತೆಗೆಯೋಣ ಎನ್ನದೆ, ಹಸಿವನ್ನು ಆಯುಧ ಮಾಡಿಕೊಂಡ ಆ ನೀತಿಯನ್ನು ಯಾವ ಷರತ್ತೂ ಇಲ್ಲದೆ ಇಂದೇ ತೆಗೆಯಬೇಕು. ಜುಲೈ 11ರ ಕೈದಿಗಳ ಬಿಡುಗಡೆಗೂ, ಕಾಮಗ್ವೆಯ ರೈತ ತಾನು ಬೆಳೆದದ್ದನ್ನು ತನ್ನಿಷ್ಟದಂತೆ ಮಾರುವುದಕ್ಕೂ ವಾಷಿಂಗ್ಟನ್ನಿನ ಅಪ್ಪಣೆ ಬೇಕಿಲ್ಲ. ಕ್ಯೂಬಾ ಸರಕಾರದ್ದೇ ಲೆಕ್ಕದ ಪ್ರಕಾರ 2021ರ ಕೊನೆಗೆ ಸುಮಾರು 1.11 ಕೋಟಿ ಇದ್ದ ಅಲ್ಲಿಯ ಜನಸಂಖ್ಯೆ 2023ರ ಕೊನೆಗೆ ಸುಮಾರು 1.01 ಕೋಟಿಗೆ ಇಳಿದಿತ್ತು. ಎರಡೇ ವರ್ಷದಲ್ಲಿ ಹತ್ತು ಲಕ್ಷ ಜನ ಕಡಿಮೆ. ಬಹುತೇಕರು ದೇಶ ಬಿಟ್ಟುಹೋದವರು, ಅವರಲ್ಲಿ ಹೆಚ್ಚಿನವರು ಸೇರಿದ್ದು ಅಮೆರಿಕವನ್ನೇ.